ಅಳೆಯುವ ಮುನ್ನ ಅಳತೆಗೆ ನಿಲ್ಲುವುದೇ ನೋಡಿ

ಕಡತಗಳನ್ನು ನಂಬುವುದಾದರೆ ಮಲೆನಾಡಿನಲ್ಲಿ ಸೋತ ಯೋಜನೆ ಒಂದೂ ಇಲ್ಲ. ನೆಟ್ಟ ಸಸಿಗಳೆಲ್ಲ ಮರಗಳಾಗಿವೆ, ತೋಡಿದ ಇಂಗುಗುಂಡಿಗಳೆಲ್ಲ ಮಳೆನೀರನ್ನು ಭೂಗರ್ಭಕ್ಕೆ ಇಳಿಸಿವೆ, ಹಳ್ಳಕ್ಕೆ ಕಟ್ಟಿದ ತಡೆಗಳೆಲ್ಲ ಮಣ್ಣನ್ನು ಹಿಡಿದು ನಿಲ್ಲಿಸಿವೆ. ಬೆಟ್ಟದ ಬುಡದ ಬಾವಿ ಮಾತ್ರ ಏಪ್ರಿಲ್ ತಿಂಗಳಲ್ಲಿ ಬೇರೆಯೇ ಸಾಕ್ಷಿ ನುಡಿಯುತ್ತದೆ. ಈ ಎರಡು ಸಾಕ್ಷಿಗಳ ನಡುವಿನ ಅಂತರವನ್ನು ಕಂಡಾಗಲೆಲ್ಲ ನಮ್ಮ ಸಂಘಟನೆಗಳು ಒಂದೇ ಬೇಡಿಕೆಯನ್ನು ಮುಂದಿಡುತ್ತ ಬಂದಿವೆ: "ಸ್ವತಂತ್ರ ಮೌಲ್ಯಮಾಪನ ನಡೆಯಲಿ."

ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಅಪೂರ್ಣವಾದುದು, ಅನೇಕ ವೇಳೆ ನಮಗೇ ತಿರುಗುಬಾಣವಾಗುವಂಥದು. ಏನನ್ನು ಸಾಧಿಸಲು ಹೊರಟಿತೆಂದು ಸ್ಪಷ್ಟವಾಗಿ ಹೇಳದ, ಆರಂಭದ ಸ್ಥಿತಿಯನ್ನು ದಾಖಲಿಸದ, ಹಾಳೆಯ ಮೇಲಿದ್ದಂತೆ ನೆಲದ ಮೇಲೆ ನಡೆಯದ ಯೋಜನೆಯೊಂದನ್ನು ತಜ್ಞರ ತಂಡ ಬಂದು ಅಳೆಯಲು ಹೊರಟರೆ ಆ ತಂಡ ಎಷ್ಟೇ ಪ್ರಾಮಾಣಿಕವಾಗಿದ್ದರೂ ಫಲಿತಾಂಶ ಪೊಳ್ಳಾಗಿಯೇ ಇರುತ್ತದೆ. ಆ ಪೊಳ್ಳು ವರದಿಗೆ ರಟ್ಟು ಹಾಕಿ, ಮುನ್ನುಡಿ ಬರೆಸಿ, ಮುಂದಿನ ಕಂತಿನ ಅನುದಾನಕ್ಕೆ ಆಧಾರವಾಗಿ ಬಳಸುತ್ತಾರೆ. ನಾವು ಕೇಳಿದ ಮೌಲ್ಯಮಾಪನವೇ ನಮ್ಮ ಬಾಯಿಗೆ ಬೀಗವಾಗುತ್ತದೆ.

ಆದ್ದರಿಂದ "ಮೌಲ್ಯಮಾಪನ ಮಾಡಿ" ಎನ್ನುವ ಮೊದಲು "ಈ ಯೋಜನೆ ಮೌಲ್ಯಮಾಪನಕ್ಕೆ ಯೋಗ್ಯವಾಗಿದೆಯೇ?" ಎಂಬ ಪ್ರಶ್ನೆಯನ್ನು ನಾವು ಕೇಳಬೇಕು, ಅದಕ್ಕೆ ಲಿಖಿತ ಉತ್ತರವನ್ನು ಪಡೆಯಬೇಕು. ಈ ಲೇಖನದ ವಾದ ಇಷ್ಟೇ.

ಪ್ರಶ್ನೆ ಹೊಸದಲ್ಲ

ಈ ಪ್ರಶ್ನೆ ನಮ್ಮ ಕಲ್ಪನೆಯ ಕೂಸಲ್ಲ. 1970ರ ದಶಕದಲ್ಲಿ ವಾಷಿಂಗ್ಟನ್ನಿನ ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಜೋಸೆಫ್ ಹೋಲಿ ಮತ್ತು ಅವರ ಸಂಗಡಿಗರು ಇದನ್ನು ಒಂದು ಕ್ರಮಬದ್ಧ ವಿಧಾನವಾಗಿ ರೂಪಿಸಿದರು. ಅಮೆರಿಕದಲ್ಲಿ ಆಗ ಬಡತನ, ಶಿಕ್ಷಣ, ಆರೋಗ್ಯಗಳಿಗಾಗಿ ದೊಡ್ಡ ಸರ್ಕಾರಿ ಕಾರ್ಯಕ್ರಮಗಳು ನಡೆದಿದ್ದವು. ಅವುಗಳ ಮೌಲ್ಯಮಾಪನಕ್ಕೆ ಅಪಾರ ಹಣ ವ್ಯಯವಾಗುತ್ತಿತ್ತು. ಆದರೆ ಬಂದ ವರದಿಗಳು ಯಾರ ನಿರ್ಧಾರಕ್ಕೂ ಒದಗುತ್ತಿರಲಿಲ್ಲ. ದೋಷ ಮೌಲ್ಯಮಾಪಕರದು ಮಾತ್ರವಲ್ಲ, ಅಳತೆಗೇ ಸಿಗದಂತೆ ರೂಪುಗೊಂಡ ಕಾರ್ಯಕ್ರಮಗಳದೂ ಹೌದು ಎಂಬುದನ್ನು ಅವರು ಎತ್ತಿ ತೋರಿಸಿದರು.

ಅವರ ವಿಧಾನದ ತಿರುಳನ್ನು ನಾಲ್ಕು ಪ್ರಶ್ನೆಗಳಲ್ಲಿ ಹೇಳಬಹುದು. ಗುರಿ ಸ್ಪಷ್ಟವಾಗಿದೆಯೇ? ಮಾಡುತ್ತಿರುವ ಕೆಲಸದಿಂದ ಆ ಗುರಿ ಈಡೇರುವುದು ಸಂಭಾವ್ಯವೇ? ಅಳೆಯಲು ಬೇಕಾದ ಮಾಹಿತಿ ನ್ಯಾಯವಾದ ವೆಚ್ಚದಲ್ಲಿ ದೊರೆಯುವುದೇ? ಬಂದ ಫಲಿತಾಂಶವನ್ನು ಯಾರು, ಯಾವ ನಿರ್ಧಾರಕ್ಕೆ ಬಳಸುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಿದೆಯೇ? ಇವುಗಳಿಗೆ ಉತ್ತರವಿಲ್ಲದಿದ್ದರೆ ಮೌಲ್ಯಮಾಪನವನ್ನು ಮುಂದೂಡಿ ಮೊದಲು ಯೋಜನೆಯನ್ನು ಸರಿಪಡಿಸಬೇಕು.

ಕೃಷಿವಿಜ್ಞಾನಕ್ಕೆ ಇದು ಹಳೆಯ ಪಾಠ. ಭತ್ತದ ಹೊಸ ತಳಿಯೊಂದನ್ನು ಬಿಡುಗಡೆ ಮಾಡುವ ಮುನ್ನ ಅದನ್ನು ಸ್ಥಳೀಯ ತಳಿಯ ಪಕ್ಕದಲ್ಲೇ, ಒಂದೇ ಬಗೆಯ ಮಣ್ಣಿನಲ್ಲಿ, ಹಲವು ತಾಕುಗಳಲ್ಲಿ, ಹಲವು ವರ್ಷ ಬೆಳೆದು ನೋಡುತ್ತಾರೆ. ಪಕ್ಕದಲ್ಲಿ ಹೋಲಿಕೆಯ ತಾಕು ಇಲ್ಲದ ಪ್ರಯೋಗವನ್ನು ಸ್ನಾತಕೋತ್ತರ ವಿದ್ಯಾರ್ಥಿ ತಂದರೂ ಮಾರ್ಗದರ್ಶಕರು ಹಿಂದಕ್ಕೆ ಕಳುಹಿಸುತ್ತಾರೆ. ಕಾಲು ಎಕರೆ ಗದ್ದೆಯ ಪ್ರಯೋಗಕ್ಕೆ ಅನ್ವಯವಾಗುವ ಈ ಶಿಸ್ತು ಸಾವಿರಾರು ಹೆಕ್ಟೇರ್ ಬೆಟ್ಟಕ್ಕೆ ಕೈಹಾಕುವ ಯೋಜನೆಗೆ ಏಕೆ ಬೇಡ?

ಇಂಗುಗುಂಡಿಯ ಪರೀಕ್ಷೆ

ನಮ್ಮೆಲ್ಲರ ಕಣ್ಣಿಗೆ ಬೀಳುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜಲಾನಯನದ ಹೆಸರಿನಲ್ಲಿ, ಅರಣ್ಯೀಕರಣದ ಹೆಸರಿನಲ್ಲಿ, ಉದ್ಯೋಗ ಖಾತ್ರಿಯ ಹೆಸರಿನಲ್ಲಿ ಕಳೆದ ಎರಡು ದಶಕಗಳಿಂದ ಬೆಟ್ಟಗಳ ಮೇಲೆ ಇಂಗುಗುಂಡಿಗಳನ್ನು ತೋಡಿದ್ದಾರೆ. ಇದು ಸರಿಯೋ ತಪ್ಪೋ ಎಂಬ ತೀರ್ಪು ಇಲ್ಲಿ ಉದ್ದೇಶವಲ್ಲ. ತೀರ್ಪು ನೀಡಬಹುದಾದ ಸ್ಥಿತಿಯಲ್ಲಿ ಈ ಕೆಲಸ ಇದೆಯೇ ಎಂಬುದಷ್ಟೇ ಪ್ರಶ್ನೆ.

ಮೊದಲನೆಯದು ಗುರಿ. ಇಂಥ ಕಾಮಗಾರಿಗಳ ಉದ್ದೇಶವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ಅಂತರ್ಜಲ ವೃದ್ಧಿ, ಮಣ್ಣಿನ ಸಂರಕ್ಷಣೆ, ಹಸಿರು ಹೊದಿಕೆಯ ಹೆಚ್ಚಳ, ಗ್ರಾಮೀಣ ಉದ್ಯೋಗ. ನಾಲ್ಕೂ ಒಳ್ಳೆಯವೇ. ಆದರೆ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿದರೆ ಯಾವುದಾದರೂ ಒಂದು ಈಡೇರಿದರೂ ಯೋಜನೆ ಗೆದ್ದಂತೆಯೇ. ಕೂಲಿಯಂತೂ ಪಾವತಿಯಾಗಿರುತ್ತದೆ, ಹಾಗಾಗಿ ಸೋಲಲು ಸಾಧ್ಯವೇ ಇಲ್ಲ. ಸೋಲಲು ಸಾಧ್ಯವಿಲ್ಲದ ಯೋಜನೆ ಗೆಲ್ಲಲೂ ಸಾಧ್ಯವಿಲ್ಲ ಎಂಬುದನ್ನು ನೆನಪಿಡಬೇಕು. ಯಾರ ಬಾವಿಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಅಡಿ ನೀರು ಹೆಚ್ಚಬೇಕು ಎಂದು ಬರೆದಿದ್ದರೆ ಮಾತ್ರ ಅದು ಗುರಿ. ಇಲ್ಲದಿದ್ದರೆ ಅದು ಹಾರೈಕೆ.

ಎರಡನೆಯದು ತರ್ಕ. ಗುಂಡಿ ತೋಡಿದರೆ ನೀರು ನಿಲ್ಲುತ್ತದೆ, ನಿಂತ ನೀರು ಇಂಗುತ್ತದೆ, ಇಂಗಿದ ನೀರು ಬಾವಿಗೆ ಬರುತ್ತದೆ ಎಂಬ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಮುಟ್ಟಿ ನೋಡಬೇಕು. ಮೂರು ಮೀಟರ್ ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಒಂದು ಗುಂಡಿ ಸುಮಾರು 1,080 ಲೀಟರ್ ನೀರನ್ನು ಹಿಡಿಯುತ್ತದೆ. ಹೆಕ್ಟೇರಿಗೆ ನೂರು ಗುಂಡಿಗಳೆಂದರೆ 1,08,000 ಲೀಟರ್. ಅಂದರೆ ಸುಮಾರು 11 ಮಿ.ಮೀ. ಮಳೆಗೆ ಸಮ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಬಯಲುಸೀಮೆಯಲ್ಲಿ ಇದು ದೊಡ್ಡ ಮಾತು. ನಮ್ಮಲ್ಲಿ ಆಷಾಢದ ಒಂದೇ ದಿನ 100 ಮಿ.ಮೀ. ಸುರಿಯುವುದು ಅಪರೂಪವಲ್ಲ, ಅಂದು ಆ ಹೆಕ್ಟೇರಿನ ಮೇಲೆ ಬೀಳುವುದು ಹತ್ತು ಲಕ್ಷ ಲೀಟರ್. ಗುಂಡಿಗಳು ಹಿಡಿಯುವುದು ಅದರಲ್ಲಿ ಹತ್ತರಲ್ಲೊಂದು ಪಾಲು.

"ಗುಂಡಿ ತುಂಬಿ, ಇಂಗಿ, ಮತ್ತೆ ತುಂಬುತ್ತದೆ" ಎಂಬ ಉತ್ತರ ಬರಬಹುದು. ಒಪ್ಪೋಣ. ಹಾಗಿದ್ದರೆ ನಿರ್ಣಾಯಕವಾದುದು ಗುಂಡಿಗಳ ಸಂಖ್ಯೆಯಲ್ಲ, ನೆಲ ನೀರನ್ನು ಕುಡಿಯುವ ವೇಗ. ನೆನೆದು ತೊಯ್ದ ಜುಲೈ ತಿಂಗಳ ಜಂಬಿಟ್ಟಿಗೆ ನೆಲದಲ್ಲಿ ಆ ವೇಗವೆಷ್ಟೆಂದು ಗುಂಡಿ ತೋಡುವ ಮೊದಲು ಯಾರಾದರೂ ಅಳೆದಿದ್ದಾರೆಯೇ? ಉತ್ತರ ಕನ್ನಡದ ಬೆಟ್ಟಗಳಲ್ಲಿ ಜಲವಿಜ್ಞಾನಿಗಳು ನಡೆಸಿದ ಅಳತೆಗಳು ಸಹಜ ಕಾಡಿನ ನೆಲವು ಹಾಳುಬಿದ್ದ ನೆಲಕ್ಕಿಂತ ಹೆಚ್ಚು ನೀರನ್ನು ಇಂಗಿಸುತ್ತದೆಂದು ತೋರಿಸಿವೆ. ದರಕು, ಬೇರು, ಎರೆಹುಳು, ಗೆದ್ದಲುಗಳು ಸೇರಿ ಕೋಟ್ಯಂತರ ಸೂಕ್ಷ್ಮ ರಂಧ್ರಗಳನ್ನು ಅಲ್ಲಿ ಆಗಲೇ ತೋಡಿಟ್ಟಿವೆ. ಅಂಥ ಕಾಡಿನೊಳಗೆ ಗುದ್ದಲಿ ಇಟ್ಟರೆ ಇಂಗುವಿಕೆ ಹೆಚ್ಚುತ್ತದೆಯೇ ಕುಗ್ಗುತ್ತದೆಯೇ ಎಂಬುದನ್ನು ಮೊದಲೇ ಕೇಳಬೇಕಿತ್ತು. ಇಂಗಿದ ನೀರೂ ಭೂಗರ್ಭದಲ್ಲಿ ಕಾದು ಕುಳಿತಿರುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಅದು ಕಣಿವೆಯ ಒರತೆಗಳ ಕಡೆಗೆ ನಿರಂತರ ಹರಿಯುತ್ತದೆ. ಏಪ್ರಿಲ್ ವೇಳೆಗೆ ಅದರಲ್ಲಿ ಉಳಿಯುವುದೆಷ್ಟು?

ಇಳಿಜಾರಿನ ಪ್ರಶ್ನೆಯಂತೂ ಜೀವದ ಪ್ರಶ್ನೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗು ಕುಸಿಯಿತು. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯವರನ್ನು ಬಲಿ ತೆಗೆದುಕೊಂಡಿತು. ಬೆಟ್ಟದ ಮೇಲೆ ತೋಡಿದ ಇಂಗುಗುಂಡಿಗಳೇ ಕಾರಣವೇ ಎಂಬ ವಾಗ್ವಾದ ಆಗ ನಡೆಯಿತು. ಇಂಥ ವಾಗ್ವಾದವನ್ನು ಆವೇಶದಿಂದ ಇತ್ಯರ್ಥಗೊಳಿಸಲಾಗದು. ಯಾವ ಗುಂಡಿ, ಯಾವ ವರ್ಷ, ಎಷ್ಟು ಆಳ, ಎಷ್ಟು ಡಿಗ್ರಿ ಇಳಿಜಾರು ಎಂಬ ದಾಖಲೆ ಪ್ರತಿ ಬೆಟ್ಟಕ್ಕೂ ಊರಿನ ಕೈಯಲ್ಲಿರಬೇಕು. ದಾಖಲೆಯಿಲ್ಲದ ಕಡೆ ಗುಂಡಿಯನ್ನು ದೂಷಿಸುವವರೂ ಸಮರ್ಥಿಸುವವರೂ ಕತ್ತಲಲ್ಲಿ ಕತ್ತಿ ಬೀಸುತ್ತಿರುತ್ತಾರೆ.

ಮೂರನೆಯದು, ಹೇಳಿದ ಕೆಲಸ ನಡೆದಿದೆಯೇ ಎಂಬುದು. ಸಾವಿರ ಗುಂಡಿಗಳಲ್ಲಿ ಎಷ್ಟು ನಿಜವಾಗಿ ತೋಡಲ್ಪಟ್ಟವು, ಮೊದಲ ಮಳೆಗಾಲದ ಹೂಳಿನಲ್ಲಿ ಎಷ್ಟು ಮುಚ್ಚಿಹೋದವು, ಹೂಳೆತ್ತಿದವರು ಯಾರು? ಇದನ್ನು ತಿಳಿಯದೆ "ಗುಂಡಿಗಳಿಂದ ಬಾವಿಯ ನೀರು ಹೆಚ್ಚಲಿಲ್ಲ" ಎಂದರೆ ಅದು ಗುಂಡಿಯ ಸೋಲೋ ತೋಡದಿದ್ದುದರ ಫಲವೋ ಹೇಳುವುದು ಹೇಗೆ? ಇಲ್ಲದ ಕಾಮಗಾರಿಯ ಪರಿಣಾಮವನ್ನು ಅಳೆಯುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ನಾಲ್ಕನೆಯದು ಹೋಲಿಕೆ. ಹಿಂದೆ ಹೇಗಿತ್ತು, ಈಗ ಹೇಗಿದೆ ಎಂಬ ಹೋಲಿಕೆಯೊಂದೇ ಮಲೆನಾಡಿನಲ್ಲಿ ಮಹಾ ಮೋಸ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು; 2024ರಲ್ಲಿ ಸಮೃದ್ಧ ಮಳೆಯಾಯಿತು. 2022ರಲ್ಲಿ ತೋಡಿದ ಗುಂಡಿಯನ್ನು 2023ರ ಬರದಲ್ಲಿ ಅಳೆದರೆ ಯೋಜನೆ ಸೋತಿತು. 2023ರಲ್ಲಿ ತೋಡಿದ್ದನ್ನು 2024ರ ಮಳೆಯ ನಂತರ ಅಳೆದರೆ ಯೋಜನೆ ಗೆದ್ದಿತು. ಎರಡೂ ಸುಳ್ಳು. ಗೆದ್ದದ್ದೂ ಸೋತದ್ದೂ ಮೋಡ, ಗುಂಡಿಯಲ್ಲ. ಗುಂಡಿ ತೋಡದ, ಅದೇ ಬಗೆಯ ಮತ್ತೊಂದು ಬೆಟ್ಟದ ಬುಡದ ಬಾವಿಯನ್ನೂ ಅದೇ ಕಾಲದಲ್ಲಿ ಅಳೆದಿದ್ದರೆ ಮಾತ್ರ ಮೋಡದ ಪಾಲು, ಗುಂಡಿಯ ಪಾಲು ಬೇರೆಬೇರೆಯಾಗಿ ಕಾಣುತ್ತವೆ. ಕಾಮಗಾರಿ ಮುಗಿದ ಮೇಲೆ ಹಿಂದಿನ ಸ್ಥಿತಿಯ ಮಾಹಿತಿ ಹುಡುಕುವುದು ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆಯೇ ಸರಿ.

ಆಗದ ಕೆಲಸವೇನಲ್ಲ

ಇದೆಲ್ಲ ಪುಸ್ತಕದ ಮಾತು, ಸರ್ಕಾರಿ ಯೋಜನೆಯಲ್ಲಿ ಆಗದು ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಮೇಲ್ವಿಚಾರಣೆ ಹಾಗೂ ಮೌಲ್ಯಮಾಪನದ ಹೊಣೆಯನ್ನು ಇಸ್ರೋದ ವಾಣಿಜ್ಯ ಅಂಗವಾದ ಆ್ಯಂಟ್ರಿಕ್ಸ್‌ಗೆ ವಹಿಸಿದ್ದರು. ಆರಂಭಿಕ ಸಮೀಕ್ಷೆ, ಉಪಗ್ರಹ ಚಿತ್ರ, ಹೊರಗಿನ ಕಣ್ಣು, ಇವು ಕಾಮಗಾರಿಯ ಜೊತೆಗೇ ಸಾಗಿದವು. ಆ ಯೋಜನೆಯ ಗುಣದೋಷಗಳು ಏನೇ ಇರಲಿ, ಅದು ಪರೀಕ್ಷೆಗೆ ಕುಳಿತುಕೊಳ್ಳಲು ಸಿದ್ಧವಾಗಿತ್ತು. ಆದರೆ ಅದು ಬಯಲುಸೀಮೆಯ ಪರೀಕ್ಷೆ. ಅಲ್ಲಿನ ಅಂಕಪಟ್ಟಿಯನ್ನು ತಂದು ನಮ್ಮ ಬೆಟ್ಟಗಳಿಗೆ ಅಂಟಿಸುವಂತಿಲ್ಲ.

ಸಿದ್ಧತೆಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 1990ರ ದಶಕದ ಕೊನೆಯಲ್ಲಿ ಮಹಾರಾಷ್ಟ್ರ ಮತ್ತು ಆಂಧ್ರದ 86 ಹಳ್ಳಿಗಳಲ್ಲಿ ಜಲಾನಯನ ಯೋಜನೆಗಳನ್ನು ಅಧ್ಯಯನ ಮಾಡಿ ಜಾನ್ ಕೆರ್ ಮತ್ತು ಸಂಗಡಿಗರು 2002ರಲ್ಲಿ ವರದಿ ಪ್ರಕಟಿಸಿದರು. ಆರಂಭದ ಮಾಹಿತಿ ಇಲ್ಲದಿದ್ದುದೇ ಅವರಿಗೆ ಎದುರಾದ ದೊಡ್ಡ ತೊಡಕು. 2005ರಲ್ಲಿ ಪಿ. ಕೆ. ಜೋಶಿ ಮತ್ತಿತರರು 311 ಜಲಾನಯನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೂಡಿದ ರೂಪಾಯಿಗೆ ಸರಾಸರಿ ಎರಡು ರೂಪಾಯಿಗೂ ತುಸು ಹೆಚ್ಚು ಲಾಭವೆಂದು ಲೆಕ್ಕ ಹಾಕಿದರು. ಉಪಯುಕ್ತ ಕೆಲಸವೇ. ಆದರೆ ಆ ಸರಾಸರಿಯಲ್ಲಿ ಸೇರಲು ಸಾಧ್ಯವಾದದ್ದು ಯಾರೋ ಅಧ್ಯಯನ ಮಾಡಿದ ಜಲಾನಯನಗಳು ಮಾತ್ರ. ದಾಖಲೆಯೇ ಇಲ್ಲದ ಸಾವಿರಾರು ಕಾಮಗಾರಿಗಳ ಸುದ್ದಿ ಅದರಲ್ಲಿಲ್ಲ. ಆ ಒಂದು ಅಂಕಿಯನ್ನು ಹಿಡಿದು ನಮ್ಮೂರಿನ ಬೆಟ್ಟಕ್ಕೆ ಯಂತ್ರ ತರುವವರನ್ನು ನಾವು ತಡೆದು ಪ್ರಶ್ನಿಸಬೇಕು.

ಅವಸರದ ಅಳತೆ ಕಾಡನ್ನೇ ಬದಲಿಸುತ್ತದೆ

ಅಕಾಲದ ಮೌಲ್ಯಮಾಪನದಿಂದ ಆಗುವುದು ಹಣದ ನಷ್ಟ ಮಾತ್ರವಲ್ಲ. ಏನನ್ನು ಯಾವಾಗ ಅಳೆಯುತ್ತಾರೋ ಅದಕ್ಕೆ ತಕ್ಕಂತೆ ಕೆಲಸವೇ ಬದಲಾಗುತ್ತದೆ.

ನೆಡುತೋಪಿನ ಯಶಸ್ಸನ್ನು ಮೂರನೆಯ ವರ್ಷ ಬದುಕಿರುವ ಸಸಿಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ಈ ಪರೀಕ್ಷೆಯಲ್ಲಿ ಯಾವಾಗಲೂ ಮೊದಲ ದರ್ಜೆ ಪಡೆಯುವುದು ಅಕೇಶಿಯಾ. ಅದನ್ನು ದನ ಮೇಯುವುದಿಲ್ಲ; ಬಡ ಮಣ್ಣಿನಲ್ಲೂ ಸರಸರನೆ ಏರುತ್ತದೆ. ಹೊನ್ನೆ, ಬೀಟೆ, ಉಪ್ಪಾಗೆ, ಮುರುಗಲುಗಳು ಮೂರು ವರ್ಷದಲ್ಲಿ ಇನ್ನೂ ಬೇರು ಊರುತ್ತಿರುತ್ತವೆ. ಮೂವತ್ತು ವರ್ಷ ಕಾದರೆ ಫಲಿತಾಂಶ ತಲೆಕೆಳಗಾಗಬಹುದು. ಆದರೆ ಅಷ್ಟರಲ್ಲಿ ಬಹುಮಾನ ಹಂಚಿಕೆಯಾಗಿ ಮುಗಿದಿರುತ್ತದೆ. ಹೀಗೆ ಮೂರು ವರ್ಷದ ಅಳತೆಗೋಲೇ ಯಾವ ಮರ ನೆಡಬೇಕೆಂದು ನಿರ್ಧರಿಸಿಬಿಡುತ್ತದೆ. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು, 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನೀಲಗಿರಿ ಕಿತ್ತು ಉಪಯುಕ್ತ ಸಸಿಗಳನ್ನು ಹಚ್ಚಿದ್ದು ಇದೇ ಪ್ರಶ್ನೆಗಾಗಿ ಅಲ್ಲವೇ? ಯಾರ ಅಳತೆಯಲ್ಲಿ ಇದು ಕಾಡು?

2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನು ಬದುಕಿಸಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ನೀಡುವ ಕ್ರಮ ಬಂತು. ಗುರಿ ಸಸಿ ಬದುಕಿಸುವುದಷ್ಟೇ ಆದರೆ ಆ ಅಳತೆ ಸರಿ, ಎಣಿಸುವುದೂ ಸುಲಭ. ರೈತನ ಆದಾಯವೋ ಮಣ್ಣಿನ ರಕ್ಷಣೆಯೋ ಗುರಿಯೆಂದು ಹೇಳಿದ ಕೂಡಲೇ ಆ ಎಣಿಕೆ ಸಾಲದು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಹಣಕ್ಕಂತೂ ಈ ಮಾತು ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಕಡಿದುಹೋದ ಕಾಡಿಗೆ ಪರಿಹಾರ ಎನ್ನುವುದಾದರೆ ಕಾಡಿನಿಂದ ಹೋದದ್ದೇನು, ಅದರಲ್ಲಿ ಎಷ್ಟು ಎಷ್ಟು ವರ್ಷದಲ್ಲಿ ಮರಳಬೇಕು ಎಂದು ನೆಡುವ ಮೊದಲೇ ಬರೆದಿಡಬೇಕು.

ಅಧಿಕಾರಿಗಳಿಗೆ ನೆಪ ಸಿಕ್ಕಂತಾಗುವುದಿಲ್ಲವೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. "ನಮ್ಮ ಯೋಜನೆ ಇನ್ನೂ ಪರೀಕ್ಷೆಗೆ ಸಿದ್ಧವಾಗಿಲ್ಲ" ಎಂಬ ಮಾತು ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ಬಳಕೆಯಾಗದೇ? ಖಂಡಿತ ಆಗಬಹುದು. ಆದ್ದರಿಂದ ಮೂರು ಗೆರೆಗಳನ್ನು ಸ್ಪಷ್ಟವಾಗಿ ಎಳೆಯೋಣ.

ಒಂದು: ಲೆಕ್ಕಪರಿಶೋಧನೆಗೆ ಯಾವ ಸಿದ್ಧತೆಯೂ ಬೇಡ. ಹಣ ಎಷ್ಟು ಬಂತು, ಎಲ್ಲಿ ಹೋಯಿತು, ಗುಂಡಿ ಇದೆಯೇ ಇಲ್ಲವೇ ಎಂಬುದನ್ನು ಯಾವ ದಿನವಾದರೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಅದಕ್ಕೆ. ಕಾಯಬೇಕಾದದ್ದು ಪರಿಣಾಮದ ತೀರ್ಪಿಗೆ ಮಾತ್ರ.

ಎರಡು: ಸಿದ್ಧವಿಲ್ಲ ಎಂಬ ತೀರ್ಮಾನ ಗುಟ್ಟಾಗಿರಕೂಡದು. ಏನು ಕೊರತೆ, ಯಾವ ದಿನಾಂಕದೊಳಗೆ ಸರಿಪಡಿಸುತ್ತೀರಿ ಎಂಬುದು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಅಷ್ಟರೊಳಗೆ ಸರಿಯಾಗದಿದ್ದರೆ ಹೊಸ ಹಣ ನಿಲ್ಲಬೇಕು. ಅಳತೆಗೆ ಸಿದ್ಧವಿಲ್ಲದ ಯೋಜನೆ ವಿಸ್ತರಣೆಗೂ ಸಿದ್ಧವಿಲ್ಲ. ನಮ್ಮ ರಾಜ್ಯದಲ್ಲಿ 2011ರಲ್ಲಿಯೇ ಮೌಲ್ಯಮಾಪನಕ್ಕೆಂದು ಪ್ರತ್ಯೇಕ ಪ್ರಾಧಿಕಾರ ಸ್ಥಾಪನೆಯಾಯಿತು. ಬೆಟ್ಟದ ಯೋಜನೆಗಳಿಗೆ ಸಂಬಂಧಿಸಿ ಅಧ್ಯಯನಕ್ಕೆ ಕೈಹಾಕುವ ಮುನ್ನ ಈ ಯೋಗ್ಯತಾ ಪರಿಶೀಲನೆಯನ್ನು ನಡೆಸಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ನಾವು ಒತ್ತಾಯಿಸಬೇಕು.

ಮೂರು: ಹಿಂದಕ್ಕೆ ಪಡೆಯಲಾಗದ ಕೆಲಸಕ್ಕೆ ನಂತರದ ಮೌಲ್ಯಮಾಪನ ಅರ್ಥಹೀನ. ಎತ್ತಿನಹೊಳೆಯನ್ನೇ ನೋಡಿ. ಯೋಜನೆ 24 ಟಿಎಂಸಿ ನೀರು ದೊರೆಯುತ್ತದೆಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಲಭ್ಯ ನೀರು ಸುಮಾರು 9.5 ಟಿಎಂಸಿ ಎಂದಿತು. ಗುರಿ ಸಂಭಾವ್ಯವೇ ಎಂಬ ಎರಡನೆಯ ಪ್ರಶ್ನೆಯನ್ನು ಬಗೆಹರಿಸಬೇಕಾದ ಕಾಲ ಅದಾಗಿತ್ತು: ಬೆಟ್ಟ ಅಗೆಯುವ ಮುನ್ನ, ಹಳ್ಳಗಳ ಹರಿವನ್ನು ಬಹಿರಂಗವಾಗಿ ಅಳೆದು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಇನ್ನು ಬರುವ ಮೌಲ್ಯಮಾಪನ ಎಷ್ಟೇ ನಿಖರವಾಗಿದ್ದರೂ ಕಡಿದ ಕಾಡನ್ನು ಮರಳಿ ನಿಲ್ಲಿಸದು.

ಊರು ಮಾಡಬೇಕಾದದ್ದು

ಮಿತ್ರರೇ, ಇದನ್ನು ತಜ್ಞರಿಗೆ ಬಿಟ್ಟು ಕೂರುವ ಅಗತ್ಯವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕ್ರಿಯಾಯೋಜನೆ ಮಂಡನೆಯಾದಾಗ ಐದು ಪ್ರಶ್ನೆಗಳನ್ನು ಎತ್ತಿ. ಏನು ಬದಲಾಗಬೇಕು, ಎಷ್ಟು, ಎಂದಿಗೆ? ಈ ಕೆಲಸದಿಂದ ಆ ಬದಲಾವಣೆ ಹೇಗೆ ಬರುತ್ತದೆ? ಕೆಲಸ ನಡೆದದ್ದಕ್ಕೆ ಜಾಗವಾರು ದಾಖಲೆ ಎಲ್ಲಿರುತ್ತದೆ? ಯಾವ ಬೆಟ್ಟವನ್ನು ಹೋಲಿಕೆಗಾಗಿ ಮುಟ್ಟದೆ ಬಿಡುತ್ತೀರಿ? ಫಲಿತಾಂಶ ಕೆಟ್ಟದಾಗಿ ಬಂದರೆ ಏನನ್ನು ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಉಳಿದ ನಾಲ್ಕಕ್ಕೆ ಬಂದ ಉತ್ತರಗಳು ಅಲಂಕಾರ ಮಾತ್ರ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇನ್ನೂ ಸರಳ. ಗುಂಡಿ ತೋಡುವ ಬೆಟ್ಟದ ಬುಡದಲ್ಲಿ ಎರಡು ಬಾವಿ, ತೋಡದ ಬೆಟ್ಟದ ಬುಡದಲ್ಲಿ ಎರಡು ಬಾವಿ ಆರಿಸಿಕೊಳ್ಳಿ. ಪ್ರತಿ ತಿಂಗಳ ಒಂದೇ ದಿನಾಂಕದಂದು, ಪಂಪು ಹಚ್ಚುವ ಮೊದಲು ಬೆಳಿಗ್ಗೆ, ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಮಟ್ಟ ಅಳೆಯಿರಿ. ಒರತೆಯ ಬಾಯಿಗೆ 20 ಲೀಟರಿನ ಕೊಡಪಾನ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. 40 ಸೆಕೆಂಡಿಗೆ ತುಂಬಿದರೆ ಆ ಒರತೆ ದಿನಕ್ಕೆ 43,200 ಲೀಟರ್ ಕೊಡುತ್ತಿದೆ ಎಂದರ್ಥ. ನಮ್ಮ ಅನೇಕ ಅಡಿಕೆ ಬೆಳೆಗಾರರ ಮನೆಗಳಲ್ಲಿ ದಶಕಗಳ ಮಳೆಲೆಕ್ಕದ ಪುಸ್ತಕಗಳಿವೆ. ಅವುಗಳ ನಕಲು ಮಾಡಿಕೊಳ್ಳಿ. ಕಾಮಗಾರಿಗೆ ಮುನ್ನ ಎರಡು ವರ್ಷ ಇಂಥ ಲೆಕ್ಕವಿದ್ದರೆ ಊರನ್ನು ಯಾರೂ ಅಂಕಿಅಂಶದಿಂದ ಹೆದರಿಸಲಾರರು.

ಇದೇ ಅಳತೆಗೋಲು ನಮ್ಮ ಸಂಘಟನೆಗಳ ಕೆಲಸಕ್ಕೂ ಅನ್ವಯವಾಗಲಿ. ಕಾನು ರಕ್ಷಣೆ, ನಾಟಿ ಬೀಜಗಳ ಸಂರಕ್ಷಣೆ, ಕೆರೆ ಹೂಳೆತ್ತುವಿಕೆ, ಯಾವುದೇ ಆಗಲಿ, ಆರಂಭದ ದಿನವೇ ಗುರಿಯನ್ನೂ ಇಂದಿನ ಸ್ಥಿತಿಯನ್ನೂ ಬರೆದಿಡೋಣ. ಸರ್ಕಾರಕ್ಕೊಂದು ನ್ಯಾಯ, ನಮಗೊಂದು ನ್ಯಾಯ ಎಂದಾದರೆ ನಮ್ಮ ಮಾತಿಗೆ ಬೆಲೆ ಇರದು.

ಮಳೆಗಾಲ ಮುಗಿದೊಡನೆ ಮತ್ತೆ ಕ್ರಿಯಾಯೋಜನೆಗಳು ಬರುತ್ತವೆ, ಅವುಗಳ ಹಿಂದೆಯೇ ಯಂತ್ರಗಳೂ ಬರುತ್ತವೆ. ಯಂತ್ರ ಬೆಟ್ಟ ಹತ್ತುವ ಮೊದಲು ಬಾವಿಗೆ ಹಗ್ಗ ಇಳಿದಿರಲಿ.